ಒಂದು ಮಗುವಿನ ಓದಿಗೆ ಆಸರೆಯಾಗುವ ಮುನ್ನ: ಬೆಂಗಳೂರಿನ ಸಭೆಗಳಿಗೂ ಮನೆಗಳಿಗೂ ಒಂದು ಮಾರ್ಗದರ್ಶಿ

ಜೂನ್ ಮೊದಲ ವಾರ, ಲಗ್ಗೆರೆಯ ಒಂದು ಕೋಣೆಯ ಬಾಡಿಗೆ ಮನೆ. ಶಾಲೆಯ ಫೀಸಿನ ಚೀಟಿ ಬಂದಿದೆ. ನೋಟ್‌ಬುಕ್ಕಿನ ಪಟ್ಟಿ ಬಂದಿದೆ. ಕಳೆದ ವರ್ಷದ ಶೂ ಮಗನ ಕಾಲಿಗೆ ಹಿಡಿಯುತ್ತಿಲ್ಲ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಸಂಬಳ ಆಗುವುದು ಹತ್ತನೇ ತಾರೀಖಿಗೆ. ಶಾಲೆ ಕೇಳುತ್ತಿರುವುದು ಐದಕ್ಕೆ. ಈ ಐದು ದಿನದ ಅಂತರವನ್ನು ತುಂಬುವುದು ಕೈಸಾಲ, ಇಲ್ಲವೇ ಮೀಟರ್ ಬಡ್ಡಿ. ಬಡ್ಡಿ ಕಟ್ಟುತ್ತಾ ಕಟ್ಟುತ್ತಾ ಎರಡು ಮೂರು ವರ್ಷವಾದ ಮೇಲೆ, ಎಂಟನೆಯದೋ ಒಂಬತ್ತನೆಯದೋ ತರಗತಿಯಲ್ಲಿ, ‘ಇವನು ಓದಿದ್ದು ಸಾಕು’ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ.

ಕ್ರೈಸ್ತ ಸಭೆಗಳು (ಚರ್ಚುಗಳು) ನಡೆಸುವ ಮಕ್ಕಳ ಪ್ರಾಯೋಜಕತ್ವ, ಅಂದರೆ ಒಂದು ಮಗುವಿನ ಓದಿಗೆ ತಿಂಗಳು ತಿಂಗಳೂ ಹಣ ಕೊಡುವುದು, ಕೈಹಾಕಬೇಕಾದದ್ದು ಈ ಅಂತರಕ್ಕೆ. ಕನ್ನಡ ಬೈಬಲ್ಲಿನಲ್ಲಿ ನಂಬಿಕೆ, ಪ್ರೀತಿಗಳ ನಡುವೆ ಬರುವ ಮಾತು ‘ನಿರೀಕ್ಷೆ’. ಮನೆಮಾತಿನಲ್ಲಿ ನಿರೀಕ್ಷೆ ಎಂದರೆ ಬರುತ್ತದೆಂದು ಗೊತ್ತಿರುವುದನ್ನು ಕಾಯುವುದು. ಬಡ ಕುಟುಂಬಕ್ಕೆ ಪ್ರಾಯೋಜಕತ್ವ ಕೊಡಬಲ್ಲದ್ದೂ ಅದೇ. ಮೊತ್ತ ಚಿಕ್ಕದಾದರೂ ಸರಿ, ಹೇಳಿದ ತಾರೀಖಿಗೆ ಬರಬೇಕು, ಹೇಳಿದಷ್ಟು ವರ್ಷ ಬರಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ವಿಷಯದ ಸುತ್ತಲೇ ಇವೆ.

ಮೊದಲು ಮಾತು ಸರಿಮಾಡಿಕೊಳ್ಳಿ

‘ನಾವೊಂದು ಮಗುವನ್ನು ದತ್ತು ತಗೊಂಡಿದ್ದೇವೆ’ ಎಂದು ಸಭೆಯಲ್ಲಿ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ದತ್ತು ಬೇರೆಯೇ ಕಾನೂನು ಪ್ರಕ್ರಿಯೆ. ಪ್ರಾಯೋಜಕತ್ವದಲ್ಲಿ ಮಗು ತನ್ನ ಮನೆಯಲ್ಲೇ, ತನ್ನ ಅಪ್ಪ ಅಮ್ಮನ ಬಳಿಯೇ ಇರುತ್ತದೆ. 2015ರ ಬಾಲನ್ಯಾಯ ಕಾಯ್ದೆಯೂ ಇದನ್ನು ಮಗುವಿನ ಚಿಕಿತ್ಸೆ, ಓದು ಮತ್ತು ಬೆಳವಣಿಗೆಗಾಗಿ ಕುಟುಂಬಕ್ಕೆ ಕೊಡುವ ಪೂರಕ ನೆರವು ಎಂದೇ ವಿವರಿಸುತ್ತದೆ. ಪೂರಕ ಎಂಬ ಪದವನ್ನು ಹಿಡಿದುಕೊಳ್ಳಿ. ಮಗುವನ್ನು ಸಾಕುವವರು ಅದರ ಅಪ್ಪ ಅಮ್ಮ. ಯಾವ ಶಾಲೆ, ಯಾವ ಮಾಧ್ಯಮ, ಟ್ಯೂಷನ್ ಬೇಕೋ ಬೇಡವೋ ಎಂಬ ತೀರ್ಮಾನವೂ ಅವರದೇ.

ಮಕ್ಕಳನ್ನು ತಂದು ಒಂದೆಡೆ ಇಟ್ಟು ಸಾಕುವ ಯೋಚನೆ ಇದ್ದರೆ ಅದು ಬೇರೆ ದಾರಿ. ಪೋಷಣೆ, ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆ ಅದೇ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ನೋಂದಣಿ ಇಲ್ಲದೆ ನಡೆಸಿದರೆ ಜೈಲು ಶಿಕ್ಷೆಯೂ ಇದೆ, 1 ಲಕ್ಷಕ್ಕೆ ಕಡಿಮೆ ಇಲ್ಲದ ದಂಡವೂ ಇದೆ. ಮನೆ ಇರುವ ಮಗುವನ್ನು ಬಡತನದ ಕಾರಣಕ್ಕೆ ಹಾಸ್ಟೆಲಿಗೆ ತರುವುದು ನಮ್ಮ ಅಭಿಪ್ರಾಯದಲ್ಲಿ ಕೊನೆಯ ಆಯ್ಕೆ ಆಗಬೇಕು.

ಎಷ್ಟು ವರ್ಷ ಎಂದು ಲೆಕ್ಕ ಹಾಕಿ, ಆಮೇಲೆ ಹೂಂ ಎನ್ನಿ

ನಾಲ್ಕನೇ ತರಗತಿಯ ಮಗುವನ್ನು ದ್ವಿತೀಯ ಪಿಯುಸಿವರೆಗೆ ಓದಿಸುವುದೆಂದರೆ 9 ವರ್ಷ. ತಿಂಗಳಿಗೆ 2000 ರೂಪಾಯಿಯಂತೆ ವರ್ಷಕ್ಕೆ 24,000, ಒಂಬತ್ತು ವರ್ಷಕ್ಕೆ 2,16,000. ಖರ್ಚು ವರ್ಷಕ್ಕೆ ಶೇ 6ರಂತೆ ಏರುತ್ತದೆಂದು ಹಿಡಿದರೆ ಅದು 2.75 ಲಕ್ಷ ದಾಟುತ್ತದೆ. ಈ ಅಂಕಿಯನ್ನು ಕಾಗದದ ಮೇಲೆ ಬರೆದು, ಮನೆಯವರೊಂದಿಗೆ ಕೂತು ನೋಡಿ. ಭಾರ ಅನಿಸಿದರೆ ಇಬ್ಬರು ಮೂವರು ಸೇರಿ ಒಂದು ಮಗುವನ್ನು ವಹಿಸಿಕೊಳ್ಳಿ, ಅಥವಾ ಎಂಟನೇ ತರಗತಿಯ ಮಗುವನ್ನು ಆರಿಸಿಕೊಳ್ಳಿ. ಅಲ್ಲಿಂದ ಪಿಯುಸಿಗೆ ಐದೇ ವರ್ಷ. ಆರಂಭಿಸಿ ಎರಡು ವರ್ಷಕ್ಕೆ ಕೈಬಿಡುವುದು ಆರಂಭಿಸದೇ ಇರುವುದಕ್ಕಿಂತ ಕೆಟ್ಟದ್ದು. ನಿಮ್ಮ ಮಾತನ್ನು ನಂಬಿ ಆ ಕುಟುಂಬ ಫೀಸು ಜಾಸ್ತಿ ಇರುವ ಶಾಲೆಗೆ ಸೇರಿಸಿರುತ್ತದೆ, ಮಧ್ಯದಲ್ಲಿ ನಿಂತರೆ ಟಿ.ಸಿ. ತೆಗೆಯಲೂ ಬಾಕಿ ಫೀಸು ಅಡ್ಡ ಬರುತ್ತದೆ.

ದೊಡ್ಡ ಸಂಸ್ಥೆಗಳಿಗೂ ಈ ಅಪಾಯ ತಪ್ಪಿದ್ದಲ್ಲ. 1952ರಲ್ಲಿ ಕೊರಿಯಾ ಯುದ್ಧದ ಅನಾಥ ಮಕ್ಕಳಿಗಾಗಿ ಹುಟ್ಟಿದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಭಾರತದಲ್ಲಿ ಸುಮಾರು 1.45 ಲಕ್ಷ ಮಕ್ಕಳಿಗೆ ನೆರವಾಗುತ್ತಿತ್ತು. 2016ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದರ ಹಣಕ್ಕೆ ಪೂರ್ವಾನುಮತಿ ಕಡ್ಡಾಯ ಮಾಡಿತು, 2017ರ ಮಾರ್ಚ್‌ನಲ್ಲಿ ಅದು ಇಲ್ಲಿನ ಕೆಲಸ ಮುಚ್ಚಿತು. ಹೊರಗಿನ ಹಣವನ್ನೇ ನೆಚ್ಚಿಕೊಂಡ ಕಾರ್ಯಕ್ರಮ ಹೇಗೆ ಒಮ್ಮೆಲೇ ನಿಲ್ಲಬಹುದು ಎಂಬುದಕ್ಕೆ ಇದೇ ಸಾಕ್ಷಿ. ಅದಕ್ಕೇ ಬೆಂಗಳೂರಿನ ಸಭೆಗಳು ಇಲ್ಲಿನ ಹಣದಿಂದಲೇ, ಚಿಕ್ಕದಾಗಿ, ಗಟ್ಟಿಯಾಗಿ ನಡೆಸುವುದು ಮೇಲು. ಜತೆಗೆ ಒಂದು ನಿಯಮ ಇಟ್ಟುಕೊಳ್ಳಿ: ವಹಿಸಿಕೊಂಡ ಎಲ್ಲ ಮಕ್ಕಳ ಆರು ತಿಂಗಳ ಮೊತ್ತ ಬ್ಯಾಂಕಿನಲ್ಲಿ ಯಾವಾಗಲೂ ಮೀಸಲು ಇರಬೇಕು. ಹತ್ತು ಮಕ್ಕಳಿಗೆ ತಲಾ 2000 ಎಂದರೆ 1,20,000. ಹಾರ್ವೆಸ್ಟ್ ಹಬ್ಬದ ಹರಾಜಿನ ಹಣವನ್ನು ಎರಡು ವರ್ಷ ಇದಕ್ಕೇ ಎತ್ತಿಟ್ಟರೆ ಎಷ್ಟೋ ಸಭೆಗಳಿಗೆ ಇದು ಆಗುವ ಮಾತು.

ಹಣ ಯಾರ ಕೈಗೆ

ದಾರಿ ಮೂರು. ನೋಂದಾಯಿತ ಸಂಸ್ಥೆಯ ಮೂಲಕ ಕೊಡಬಹುದು, ನಿಮ್ಮ ಸಭೆಯೇ ನಿಧಿ ಮಾಡಬಹುದು, ಅಥವಾ ನೀವೊಬ್ಬರೇ ಶಾಲೆಯ ಖಾತೆಗೆ ನೇರ ಕಟ್ಟಬಹುದು. ಮೂರನೆಯದಕ್ಕೆ ತೆರಿಗೆ ವಿನಾಯಿತಿ ಇಲ್ಲ, ಆದರೆ ಲೆಕ್ಕ ಸರಳ: ಶಾಲೆಯ ರಸೀದಿಯೇ ಪುರಾವೆ.

ಸಂಸ್ಥೆಯಾದರೆ ಕೇಳಬೇಕಾದ ಕಾಗದಗಳು: ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ, ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲಿ ಸಂಸ್ಥೆಗೆ ಸಿಗುವ ಸಂಖ್ಯೆ, ಕಳೆದ ಮೂರು ವರ್ಷದ ಆಡಿಟ್ ವರದಿ, ಮಕ್ಕಳ ಸುರಕ್ಷತಾ ನೀತಿಯ ಪ್ರತಿ. ಕೊನೆಯದನ್ನು ಕೇಳಿದಾಗ ‘ಅಂಥದ್ದೇನೂ ಇಲ್ಲ, ನಮ್ಮವರೆಲ್ಲ ವಿಶ್ವಾಸಿಗಳು’ ಎಂಬ ಉತ್ತರ ಬಂದರೆ ಅಲ್ಲಿಗೆ ಹಣ ಕೊಡಬೇಡಿ. ತೆರಿಗೆ ವಿನಾಯಿತಿ ಬೇಕಿದ್ದವರು, ಜನರ ಬಾಯಲ್ಲಿ 80ಜಿ ಎಂದೇ ಇರುವ ಅನುಮೋದನೆ ಸಂಸ್ಥೆಗೆ ಇದೆಯೇ ನೋಡಬೇಕು. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ, ಅದೂ ಆದಾಯದ ಶೇ 10ರ ಮಿತಿಯೊಳಗೆ, ವಿನಾಯಿತಿ ಸಿಗುತ್ತದೆ. 2000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ. ಪೂಜೆ, ಆರಾಧನೆಗಾಗಿಯೇ ಇರುವ ಚರ್ಚಿನ ಕಾಣಿಕೆ ಪೆಟ್ಟಿಗೆಗೆ ಹಾಕಿದ ಹಣ ಇದರೊಳಗೆ ಬರುವುದಿಲ್ಲ.

ಇನ್ನು, ಸಭೆಗಳು ತಿಳಿಯದೇ ಎಡವುವ ಜಾಗ ವಿದೇಶಿ ಹಣ. ದುಬೈನಲ್ಲಿ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟ್ ಇರುವ ಅಣ್ಣ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಅಕ್ಕ ಕಳಿಸಿದರೆ ಆಗುತ್ತದೆ, ಅವರು ಇದೇ ಸಭೆಯಲ್ಲಿ ಬೆಳೆದವರಾದರೂ ಸರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಭೆ ಆ ಹಣ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಸಂಸ್ಥೆಯೂ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ಖರ್ಚು ಶೇ 20 ಮೀರುವಂತಿಲ್ಲ. ‘ಅವರ ಖಾತೆಗೆ ಹಾಕಿಸಿ, ಅವರು ನಮಗೆ ಕೊಡುತ್ತಾರೆ’ ಎಂಬ ಹಳೆಯ ರೂಢಿ ಈಗ ನಡೆಯುವುದಿಲ್ಲ.

ಮಗುವನ್ನು ಗುರುತಿಸುವುದು

ಫೋಟೊ ಆಲ್ಬಂ ತೆರೆದು ಮುದ್ದಾದ ಮುಖ ನೋಡಿ ಆರಿಸುವ ಪದ್ಧತಿ ಬಿಡಿ. ಶಾಲೆಯ ಮುಖ್ಯೋಪಾಧ್ಯಾಯರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಈ ಮೂವರಿಗೆ ಆ ಬೀದಿಯ ಯಾವ ಮನೆ ಕುಸಿಯುವ ಹಂತದಲ್ಲಿದೆ ಎಂದು ಗೊತ್ತಿರುತ್ತದೆ. ಸಭೆಗೆ ಬರುವವರನ್ನಷ್ಟೇ ಕೇಳಿದರೆ ಸಭೆಗೆ ಬರುವವರ ಮಕ್ಕಳಷ್ಟೇ ಪಟ್ಟಿಗೆ ಬರುತ್ತಾರೆ. ಒಂಟಿ ತಾಯಿ, ಕಾಯಿಲೆ ಬಿದ್ದ ತಂದೆ, ಅಜ್ಜಿಯ ಬಳಿ ಬೆಳೆಯುತ್ತಿರುವ ಮಗು, ಯಾದಗಿರಿ ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಕುಟುಂಬ: ಮೊದಲ ಆದ್ಯತೆ ಇವರಿಗೆ.

ಮನೆಭೇಟಿಗೆ ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಹೆಂಗಸು. ಸಂಜೆ ಏಳರ ನಂತರ ಅಥವಾ ಭಾನುವಾರ ಮಧ್ಯಾಹ್ನ ಹೋದರೆ ದುಡಿಯುವವರು ಸಿಗುತ್ತಾರೆ. ಆದಾಯ ಎಷ್ಟು ಎಂದು ಮೊದಲೇ ಕೇಳಬೇಡಿ. ಬಾಡಿಗೆ, ಅಡ್ವಾನ್ಸ್, ಸಂಘದ ವಾರದ ಕಂತು, ಚೀಟಿ, ಗ್ಯಾಸ್, ಔಷಧಿ ಎಂದು ಖರ್ಚನ್ನು ಕೇಳುತ್ತಾ ಹೋಗಿ. ಖರ್ಚಿನ ಪಟ್ಟಿ ಮುಗಿಯುವ ಹೊತ್ತಿಗೆ ಆದಾಯ ತಾನಾಗಿಯೇ ಹೊರಬರುತ್ತದೆ, ಯಾರ ಮರ್ಯಾದೆಗೂ ಧಕ್ಕೆ ಆಗುವುದಿಲ್ಲ.

ನಿಮ್ಮ ಹಣ ಇಡುವ ಮೊದಲು, ಸರ್ಕಾರದಿಂದ ಬರಬೇಕಾದದ್ದು ಬರುತ್ತಿದೆಯೇ ನೋಡಿ. ಈ ಹಂತವನ್ನು ಹಲವರು ಹಾರಿಸಿಬಿಡುತ್ತಾರೆ, ಕುಟುಂಬಕ್ಕೆ ದೊಡ್ಡ ಲಾಭ ಇರುವುದು ಇಲ್ಲೇ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಉಚಿತ. ಅದನ್ನೇ ಮತ್ತೆ ಕೊಂಡು ಕೊಡಬೇಡಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ, ಶಾಲೆಯ ಎಸ್‌ಎಟಿಎಸ್ ಸಂಖ್ಯೆ (ಮಗುವಿನ ಶಾಲಾ ದಾಖಲೆಯ ಗುರುತಿನ ಸಂಖ್ಯೆ), ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬಹುತೇಕ ಹೆಸರಿನಲ್ಲಿ. ಆಧಾರ್‌ನಲ್ಲಿ ‘ಮೇರಿ ಎಸ್’, ಶಾಲೆಯಲ್ಲಿ ‘ಎಸ್. ಮೇರಿ’ ಎಂದಿದ್ದರೆ ಅಷ್ಟೇ ಸಾಕು. ಒಂದು ಶನಿವಾರ ಆ ತಾಯಿಯ ಜತೆ ಕೂತು ಹೆಸರು ಸರಿಮಾಡಿಸುವುದು ಎಷ್ಟೋ ತಿಂಗಳ ನೆರವಿಗೆ ಸಮ.

ಕಟ್ಟಡ ಕಾರ್ಮಿಕರಾದರೆ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಕೇಳಿ, ಮಕ್ಕಳ ಓದಿಗೆ ಅಲ್ಲಿ ಸಹಾಯಧನ ಇದೆ. ತಂದೆ ಇಲ್ಲದ ಅಥವಾ ತಂದೆ ಬಿಟ್ಟುಹೋದ ಮಗುವಾದರೆ ಮಿಷನ್ ವಾತ್ಸಲ್ಯ ಯೋಜನೆಯಡಿ ಸರ್ಕಾರದ್ದೇ ಪ್ರಾಯೋಜಕತ್ವ ಇದೆ: ತಿಂಗಳಿಗೆ 4000 ರೂಪಾಯಿ, ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು, ಅನುಮೋದನಾ ಸಮಿತಿ ತೀರ್ಮಾನಿಸುತ್ತದೆ. ಆ ಹಣ ಬಂದರೆ ನಿಮ್ಮ ಹಣ ಇನ್ನೊಂದು ಮಗುವಿಗೆ ಮಿಗುತ್ತದೆ.

ವಿಶ್ವಾಸದ ಮಾತು

ಇದು ಕ್ರೈಸ್ತ ಸೇವೆ, ಮುಚ್ಚಿಡಬೇಕಾದದ್ದೇನೂ ಇಲ್ಲ. ಯಾಕೋಬನ ಪತ್ರಿಕೆ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಕಷ್ಟದಲ್ಲಿ ನೋಡಿಕೊಳ್ಳುವುದನ್ನೇ ಶುದ್ಧ ಭಕ್ತಿ ಎನ್ನುತ್ತದೆ. ಆ ಮಕ್ಕಳು ಸಂಡೇ ಸ್ಕೂಲಿಗೆ ಬರಬೇಕೆಂಬ ಷರತ್ತು ಅಲ್ಲಿ ಎಲ್ಲಿಯೂ ಇಲ್ಲ. ನೆರವಿಗೂ ಆರಾಧನೆಗೂ ಗಂಟು ಹಾಕಬೇಡಿ. ಇದು ಕಾನೂನಿನ ಭಯಕ್ಕೆ ಹೇಳುವ ಮಾತಲ್ಲ. ಭಯವೂ ಇರಲಿ, ಯಾಕೆಂದರೆ ಆಮಿಷ ಒಡ್ಡಿ ಮತಾಂತರ ಮಾಡಿದ ಮೊಕದ್ದಮೆ ಇದ್ದರೂ ಸಾಕು, ಎಫ್‌ಸಿಆರ್‌ಎ ನೋಂದಣಿಗೆ ಅದು ಅಡ್ಡಿ. ನಿಜವಾದ ಕಾರಣ ಬೇರೆ. ಷರತ್ತು ಇಟ್ಟ ಕೂಡಲೇ ಆ ತಾಯಿ ನಿಮ್ಮ ಮುಂದೆ ನಿಜ ಹೇಳುವುದನ್ನು ನಿಲ್ಲಿಸುತ್ತಾಳೆ. ಫೀಸು ನಿಂತೀತೆಂಬ ಹೆದರಿಕೆಗೆ ಪ್ರಾರ್ಥನೆಗೆ ಬರುತ್ತಾಳೆ. ಆ ಪ್ರಾರ್ಥನೆಯಿಂದ ಯಾರಿಗೆ ಏನು ಬಂತು?

ಕೈಯಲ್ಲಿ ಮಾಡಬೇಕಾದ ಕೆಲಸ ಎರಡು. ಕುಟುಂಬಕ್ಕೆ ಕೊಡುವ ಒಪ್ಪಂದದ ಹಾಳೆಯಲ್ಲಿ ‘ಈ ನೆರವು ಯಾವ ಧರ್ಮಾಚರಣೆಗೂ ಸಂಬಂಧಪಟ್ಟದ್ದಲ್ಲ’ ಎಂಬ ಸಾಲು ಅವರ ಮಾತೃಭಾಷೆಯಲ್ಲಿ ಇರಲಿ. ಕನ್ನಡವೋ, ತಮಿಳೋ, ತೆಲುಗೋ, ಉರ್ದುವೋ ಅವರು ಓದಬಲ್ಲದ್ದರಲ್ಲಿ. ಎರಡನೆಯದು, ನಿಮ್ಮ ಅರ್ಜಿಯ ಧರ್ಮ ಮತ್ತು ಜಾತಿ ಕಾಲಂನಲ್ಲಿ ಶಾಲಾ ದಾಖಲೆಯಲ್ಲಿ ಇರುವುದನ್ನೇ ಬರೆಯಿರಿ, ಸೇರಿಸಬೇಡಿ, ತಿದ್ದಬೇಡಿ. ಪರಿಶಿಷ್ಟ ಜಾತಿಗಳ ಕುರಿತ 1950ರ ಆದೇಶದ ಪ್ರಕಾರ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಆ ಸ್ಥಾನ ಉಳಿಯುವುದಿಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ಯಾರೋ ಉತ್ಸಾಹಿ ಕಾರ್ಯಕರ್ತ ಅರ್ಜಿಯಲ್ಲಿ ಬರೆದ ಒಂದು ಪದ ಮುಂದೆ ಮಗುವಿನ ಪ್ರಮಾಣಪತ್ರಕ್ಕೆ ತೊಡಕಾಗಬಾರದು.

ತಿಂಗಳ ಹಣ

ಸರ್ಕಾರಿ ಶಾಲೆಯ ಆರನೇ ತರಗತಿಯ ಮಗುವಿಗೆ 2000 ರೂಪಾಯಿಯನ್ನು ಹೀಗೆ ಹಂಚಬಹುದು: ಸಂಜೆ ಟ್ಯೂಷನ್ 600, ಮನೆಯ ಊಟದ ಮೊಟ್ಟೆ ಕಾಳಿಗೆ 500, ನೋಟ್‌ಬುಕ್ ಮತ್ತು ಓಡಾಟಕ್ಕೆ 300, ಆರೋಗ್ಯಕ್ಕೆ 200, ಜೂನ್‌ಗೆಂದು ಎತ್ತಿಡುವುದು 400. ಆರೋಗ್ಯದ 200 ವರ್ಷಕ್ಕೆ 2400 ಆಗುತ್ತದೆ. ಮೊದಲ ವರ್ಷವೇ ಕಣ್ಣು ಪರೀಕ್ಷೆ ಮಾಡಿಸಿ. ‘ಓದಿನಲ್ಲಿ ಹಿಂದೆ’ ಎನಿಸಿಕೊಂಡ ಮಗುವಿಗೆ ಕೆಲವೊಮ್ಮೆ ಬೇಕಿರುವುದು ಕನ್ನಡಕ ಅಷ್ಟೇ. ಜೂನ್‌ಗೆಂದು ಎತ್ತಿಟ್ಟದ್ದು 4800 ಆಗುತ್ತದೆ, ಅದೇ ಮೀಟರ್ ಬಡ್ಡಿಯನ್ನು ಬಾಗಿಲಲ್ಲೇ ತಡೆಯುವ ಹಣ.

ಫೀಸನ್ನು ಶಾಲೆಯ ಖಾತೆಗೆ, ಆಹಾರ ಮತ್ತು ಓಡಾಟದ ಹಣವನ್ನು ತಾಯಿಯ ಖಾತೆಗೆ ಹಾಕಿ. ತಾರೀಖು 5 ಎಂದರೆ 5. ನಗದು ಬೇಡ. ರಸೀದಿ ಕೇಳುವುದು ಫೀಸಿಗೆ ಮಾತ್ರ. ಮೊಟ್ಟೆಗೂ ಬಾಳೆಹಣ್ಣಿಗೂ ಬಿಲ್ ಕೇಳಿ ತಾಯಂದಿರನ್ನು ಕುಗ್ಗಿಸಬೇಡಿ. ಮೂರು ತಿಂಗಳಿಗೊಮ್ಮೆ ಹಾಜರಿ ಮತ್ತು ಅಂಕಗಳನ್ನು ಶಾಲೆಯಿಂದ ಪಡೆಯಿರಿ. ಅಂಕ ಕಡಿಮೆಯಾದರೆ ನೆರವು ಕಡಿತ ಎಂಬ ನಿಯಮ ಮಾತ್ರ ಎಂದಿಗೂ ಬೇಡ. ಅಂಕ ಕುಸಿದ ಮನೆಗೇ ನೆರವು ಹೆಚ್ಚು ಬೇಕು.

ಪತ್ರ

ಪ್ರಾಯೋಜಕರು ಮಗುವಿಗೆ ಬರೆಯುವ ಪತ್ರ ಹಣಕ್ಕಿಂತ ದೊಡ್ಡದೇ ಎಂದು ಕೇಳುವವರಿದ್ದಾರೆ. ಭಾರತವೂ ಸೇರಿ ಆರು ದೇಶಗಳಲ್ಲಿ, ಬಾಲ್ಯದಲ್ಲಿ ಕಂಪ್ಯಾಷನ್ ನೆರವು ಪಡೆದವರು ದೊಡ್ಡವರಾದ ಮೇಲೆ ಏನಾದರು ಎಂದು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 10,144 ಜನರ ಮಾಹಿತಿ. ನೆರವು ಸಿಕ್ಕವರು ಸರಾಸರಿ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಬಳಿಕ ಅದೇ ಸಂಶೋಧಕರ ತಂಡದವರು ಇಂಡೊನೇಷ್ಯಾದಲ್ಲಿ 540 ಮಕ್ಕಳ ಕೈಗೆ 24 ಬಣ್ಣದ ಪೆನ್ಸಿಲ್‌ಗಳ ಹೊಸ ಡಬ್ಬಿ ಕೊಟ್ಟು, ‘ಮಳೆಯಲ್ಲಿ ನೀನು ನಿಂತಿರುವ ಚಿತ್ರ ಬರಿ’ ಎಂದರು. ಬಣ್ಣ ಹೇಗಿದೆ, ಮುಖ ಇದೆಯೇ, ನಗು ಇದೆಯೇ ಎಂದು ನೋಡಿದರು. ಪ್ರಾಯೋಜಕರಿದ್ದ ಮಕ್ಕಳ ಚಿತ್ರಗಳಲ್ಲಿ ಆಶಾಭಾವ ಹೆಚ್ಚು ಕಂಡಿತು. ತನ್ನನ್ನು ಹೆಸರು ಹಿಡಿದು ಕೇಳುವ ಇನ್ನೊಬ್ಬರು ಈ ಊರಲ್ಲಿದ್ದಾರೆ ಎಂಬ ತಿಳಿವು ಮಗುವಿನ ಒಳಗೆ ಕೆಲಸ ಮಾಡುತ್ತದೆ ಎಂದು ನಂಬಲು ನಮಗೆ ಇಷ್ಟು ಸಾಕು.

ವರ್ಷಕ್ಕೆ ಮೂರು ಪತ್ರ ಬರೆಯಿರಿ: ಜೂನ್, ದಸರಾ ರಜೆಯ ನಂತರ, ಫೆಬ್ರುವರಿ. ಮಗು ‘ಗಣಿತದಲ್ಲಿ 14 ಬಂತು, ಭಿನ್ನರಾಶಿ ಬರಲ್ಲ. ನಮ್ಮ ಬೀದಿ ನಾಯಿ ನಾಲ್ಕು ಮರಿ ಹಾಕಿದೆ’ ಎಂದು ಬರೆದಿದ್ದರೆ ನಿಮ್ಮ ಉತ್ತರ ನಾಯಿಮರಿಯಿಂದ ಶುರುವಾಗಲಿ. ‘ನಾಲ್ಕೂ ಚೆನ್ನಾಗಿವೆಯಾ, ಯಾವ ಬಣ್ಣ? ಭಿನ್ನರಾಶಿ ನನಗೂ ಕಷ್ಟವಾಗಿತ್ತು, ಚಪಾತಿ ಹರಿದು ನಾಲ್ಕು ಭಾಗ ಮಾಡಿ ನೋಡು.’ ಇಷ್ಟು ಸಾಕು. ‘ಚೆನ್ನಾಗಿ ಓದಿ ದೊಡ್ಡ ಹೆಸರು ಮಾಡು’ ಎಂಬ ಪತ್ರವನ್ನು ಮಗು ಎರಡನೇ ಸಲ ಓದುವುದಿಲ್ಲ. ನಿಮ್ಮ ಮನೆ, ಕಾರು, ಪ್ರವಾಸದ ಚಿತ್ರ ಕಳಿಸಬೇಡಿ. ಫೋನ್ ನಂಬರ್, ವಿಳಾಸ ಬರೆಯಬೇಡಿ. ಪತ್ರ ಎರಡೂ ಕಡೆಯಿಂದ, ಕಾರ್ಯಕ್ರಮ ನೋಡಿಕೊಳ್ಳುವ ಸಂಯೋಜಕರ ಕೈ ದಾಟಿಯೇ ಹೋಗಲಿ.

ಭೇಟಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಒಬ್ಬರೇ ಮಗುವನ್ನು ಕಾಣುವಂತಿಲ್ಲ, ಪೋಷಕರೂ ಸಂಯೋಜಕರೂ ಇರಬೇಕು. ಸಭಾಪಾಲಕರಿಗೂ, ಹಿರಿಯ ದಾನಿಗೂ ಇದೇ ನಿಯಮ. ಹೊರಗೆ ಕರೆದೊಯ್ಯುವಂತಿಲ್ಲ. ಅನುಮಾನ ಬಂದ ಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆಯೆಂದು ತಿಳಿದೂ ವರದಿ ಮಾಡದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ, ‘ಸಭೆಯ ಒಳಗೇ ಬಗೆಹರಿಸೋಣ’ ಎನ್ನುವ ಅವಕಾಶವೇ ಇಲ್ಲ. ಫೋಟೊವನ್ನು ಚರ್ಚಿನ ಪರದೆಗೂ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಸಮವಸ್ತ್ರದ ಬ್ಯಾಡ್ಜ್ ನೋಡಿ ಶಾಲೆ ಹಿಡಿಯುವುದು ಸುಲಭ. ಕ್ರಿಸ್‌ಮಸ್ ಕೂಟದಲ್ಲಿ ಮಕ್ಕಳನ್ನು ವೇದಿಕೆಗೆ ಕರೆದು ಬಟ್ಟೆ ಕೊಡುವ ಪದ್ಧತಿಯನ್ನೂ ಕೈಬಿಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ಕರ್ತ ಯೇಸುವಿನ ಹೆಸರಿನಲ್ಲಿ ಮೈಕ್ ಹಿಡಿದು ಕೊಡುವುದು ಸಲ್ಲದು.

ಎಲ್ಲಿ ಕೈತಪ್ಪುತ್ತದೆ

ಹೆಚ್ಚಾಗಿ ಮನೆ ಬದಲಾದಾಗ. ಬಾಡಿಗೆ ಏರಿತು, ಕುಟುಂಬ ಲಗ್ಗೆರೆಯಿಂದ ನೆಲಮಂಗಲದ ಕಡೆಗೆ ಹೋಯಿತು, ಫೋನ್ ನಂಬರ್ ಬದಲಾಯಿತು, ಮಗು ಕೈತಪ್ಪಿತು. ಆರಂಭದಲ್ಲೇ ಊರಿನ ಸಂಬಂಧಿಕರೊಬ್ಬರ ನಂಬರ್ ಪಡೆದಿಡಿ. ಎಸ್‌ಎಟಿಎಸ್ ಸಂಖ್ಯೆ ಇದ್ದರೆ ಹೊಸ ಶಾಲೆಯಲ್ಲಿ ಸೇರಿಸುವುದು ಸುಲಭ. ಪ್ರಾಯೋಜಕತ್ವ ಮಗುವಿನ ಜತೆ ಹೋಗಲಿ, ನಿಮ್ಮ ಬಡಾವಣೆಗೆ ಕಟ್ಟಿಹಾಕಬೇಡಿ.

ಎರಡನೆಯದು ಎಂಟರಿಂದ ಹತ್ತನೇ ತರಗತಿ. ಹುಡುಗ ಗ್ಯಾರೇಜಿಗೆ, ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಅಥವಾ ಮದುವೆಗೆ. ಹಾಜರಿ ತಿಂಗಳಲ್ಲಿ ಐದು ದಿನ ತಪ್ಪಿದರೆ ಆ ವಾರವೇ ಮನೆಗೆ ಹೋಗಿ, ಪರೀಕ್ಷೆಯವರೆಗೆ ಕಾಯಬೇಡಿ. ಕಾರಣ ಬಹಳ ಸಲ ಹಣ ಅಲ್ಲ. ಬಯಲಲ್ಲಿ ಚುಡಾಯಿಸುವ ಹುಡುಗರು, ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲದಿರುವುದು, ಒಂದು ವಿಷಯದಲ್ಲಿ ಫೇಲಾದ ಅವಮಾನ. ಎಸ್‌ಎಸ್‌ಎಲ್‌ಸಿ ಫೇಲಾದ ಮಗುವಿಗೆ ಮರುಪರೀಕ್ಷೆಯ ಶುಲ್ಕ ಇದ್ದರೆ ಕಟ್ಟಿ, ಅಲ್ಲಿಯವರೆಗೆ ಟ್ಯೂಷನ್ ಹಣ ಹೆಚ್ಚಿಸಿ.

ಒಂದೇ ಮನೆಯಲ್ಲಿ ಒಬ್ಬಳಿಗೆ ಹೊಸ ಚೀಲ, ತಂಗಿಗೆ ಹಳೆಯದು ಎಂದಾಗ ಜಗಳ ಹುಟ್ಟುತ್ತದೆ. ಆಹಾರದ ಹಣವನ್ನು ಮನೆಗೆಲ್ಲ ಎಂದು ಕೊಡಿ, ಹಬ್ಬದ ಉಡುಗೊರೆ ಕೊಡುವುದಾದರೆ ಎಲ್ಲ ಮಕ್ಕಳಿಗೂ ಒಂದೇ ಬೆಲೆಯದು.

ಪ್ರಾಯೋಜಕರಿಗೂ ಕೆಲಸ ಹೋಗುತ್ತದೆ, ಕಾಯಿಲೆ ಬರುತ್ತದೆ. ನಾಚಿಕೆಯಿಂದ ಸುಮ್ಮನಾಗಬೇಡಿ. ಮೂರು ತಿಂಗಳು ಮುಂಚೆ ಸಂಯೋಜಕರಿಗೆ ಹೇಳಿ, ಮೀಸಲು ನಿಧಿ ಇರುವುದು ಇದಕ್ಕೇ. ಮಗುವಿಗೆ ಒಂದು ಕೊನೆಯ ಪತ್ರ ಬರೆಯಿರಿ, ಅದರ ತಪ್ಪಿನಿಂದ ನಿಂತದ್ದಲ್ಲ ಎಂದು ಸ್ಪಷ್ಟವಾಗಿ ತಿಳಿಸಿ.

ಕೊನೆಯ ವರ್ಷ

ದ್ವಿತೀಯ ಪಿಯುಸಿ ಆರಂಭದಲ್ಲೇ ಮುಂದೇನು ಎಂದು ಕೂತು ಮಾತಾಡಿ. ಐಟಿಐ, ಡಿಪ್ಲೊಮಾ, ನರ್ಸಿಂಗ್, ಬಿ.ಕಾಂ. ಯಾವುದಾದರೂ ಸರಿ, ಶುಲ್ಕವನ್ನೂ ಅರ್ಜಿಯ ಕೊನೆಯ ದಿನಾಂಕವನ್ನೂ ಬರೆದು ಗೋಡೆಗೆ ಅಂಟಿಸಿ. 18 ತುಂಬಿದ ತಿಂಗಳು ಬ್ಯಾಂಕಿಗೆ ಹೋಗಿ ಅಪ್ರಾಪ್ತರ ಖಾತೆಯನ್ನು ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಬದಲಿಸಬೇಕು, ಇಲ್ಲದಿದ್ದರೆ ವಿದ್ಯಾರ್ಥಿವೇತನ ಖಾತೆಗೆ ಬಂದೂ ಕೈಗೆ ಸಿಗದು. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಅಂಕಪಟ್ಟಿ, ಟಿ.ಸಿ., ಜಾತಿ ಆದಾಯ ಪ್ರಮಾಣಪತ್ರ, ಆಧಾರ್, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟು ಮೂಲ ಪ್ರತಿಗಳ ಸಮೇತ ಆ ಹುಡುಗ ಅಥವಾ ಹುಡುಗಿಯ ಕೈಗೇ ಕೊಡಿ. ಸಂಸ್ಥೆಯ ಕಪಾಟಿನಲ್ಲಿ ಒಂದೂ ಮೂಲ ದಾಖಲೆ ಉಳಿಯಬಾರದು. ಹಿಂಬದಿಯ ಜೇಬಿನಲ್ಲಿ ಇಷ್ಟು ವರ್ಷದ ಪತ್ರಗಳನ್ನೂ ತಾರೀಖಿನ ಪ್ರಕಾರ ಜೋಡಿಸಿಡಿ.